ತೌಡಿನ ಮೇಲೆ ಕೇಳಿದ ಕೊಸರು

ಸೇರು ತುಂಬಿ ಸುರಿದ ಮೇಲೂ ಚೀಲದ ಬಾಯಿ ಮುಚ್ಚಬಾರದು. ವ್ಯಾಪಾರ ಕಲಿಯಲು ಬಂದವರಿಗೆ ನಾನು ಹೇಳುವ ಮೊದಲ ಮಾತು ಇದು. ಬಾಯಿ ತೆರೆದ ಚೀಲವನ್ನು ಹಾಗೇ ಹಿಡಿದುಕೊಂಡು, ಮಾರುವವನ ಮುಖ ನೋಡಿ, ಮೆಲ್ಲಗೆ "ಕೊಸರು?" ಅನ್ನಬೇಕು. ಅಳತೆ ಕೊಟ್ಟ ಕಾಸಿನದು; ಅಳತೆಯ ಮೇಲೆ ಬೀಳುವ ಆ ಒಂದು ಹಿಡಿ ನಮ್ಮ ಜಾಣತನದ್ದು. ಕೊಸರು ಬಿದ್ದ ಮೇಲೆ ವ್ಯಾಪಾರ ಮುಗಿಯಿತು. ಕೊಟ್ಟವರೂ ಕೊಂಡವರೂ ಮಾತು ಹಿಂದಕ್ಕೆ ತೆಗೆಯುವಂತಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಾನು ತಿರುಗಿದ ನಾಲ್ಕೂ ಸಂತೆಗಳಲ್ಲಿ ಕಾನೂನು ಇದೇ.

ಆ ಮಾತು ನನ್ನ ನಾಲಿಗೆಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ಒಂದೇ ಒಂದು ಸಲ ಆಡಬಾರದ ಜಾಗದಲ್ಲಿ ಆಡಿ, ಸ್ವಂತ ಮಗಳನ್ನು ಒಂದು ವರ್ಷ ಪರರ ಪಾಲು ಮಾಡಿದ್ದೆ.

ನಾನು ಕಂಬಳಿ ವ್ಯಾಪಾರಿ. ಜಗಳೂರು ಕಡೆ ಮಳೆ ಕಡಿಮೆ, ಕುರಿ ಹೆಚ್ಚು. ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆ ಗದ್ದೆ ಹೆಚ್ಚು, ಮಳೆಯಲ್ಲಿ ನೆನೆಯುವ ಬೆನ್ನುಗಳೂ ಹೆಚ್ಚು. ಅಲ್ಲಿ ನೇಯುವವರು, ಇಲ್ಲಿ ಹೊದೆಯುವವರು. ನಡುವೆ ನಡೆಯಲು ಯಾರದಾದರೂ ಕಾಲು ಬೇಕಲ್ಲ? ಅಪ್ಪ ಅವ್ವ ಇಲ್ಲದ ನಾನು ಹದಿನಾರನೆಯ ವಯಸ್ಸಿಗೆ ಆ ಕಾಲು ನನ್ನದೇ ಆಗಲಿ ಎಂದುಕೊಂಡೆ. ಮೊದಲು ಹೆಗಲ ಮೇಲೆ ಆರು ಕಂಬಳಿ, ಆಮೇಲೆ ಒಂದು ಕತ್ತೆ, ಯುದ್ಧದ ಕಾಲಕ್ಕೆ ಇದ್ದಿಲು ಉರಿಸಿ ಓಡುತ್ತಿದ್ದ ಬಸ್ಸಿನ ನೆತ್ತಿ. ಜಗಳೂರಿನಲ್ಲಿ ಕಂಬಳಿ ನೋಡಲು ಹೋದವನು ಹೆಣ್ಣನ್ನೂ ಅಲ್ಲೇ ನೋಡಿದೆ. ಮದುವೆಯ ಮಾತಿನಲ್ಲಿ ಮಾವನವರು, "ಇವಳ ಮ್ಯಾಲೆ ಕೊಸರು ಕೇಳಬ್ಯಾಡ್ರಿ, ಕೇಳಿದ್ರೆ ಇವಳವ್ವನ್ನೂ ಕಳಿಸಿಕೊಡ್ತೀನಿ" ಎಂದು ನಗಾಡಿದ್ದರು.

ಚನ್ನಗಿರಿಯಲ್ಲಿ ಎರಡಂಕಣದ ಮನೆ ಮಾಡಿದೆವು. ಮೊದಲ ಎರಡು ಕೂಸು ಉಳಿಯಲಿಲ್ಲ. ಎರಡೂ ತವರಿನಲ್ಲಿ ಹುಟ್ಟಿದವು, ಎರಡೂ ಏಳನೆಯ ತಿಂಗಳು ದಾಟಲಿಲ್ಲ. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ನಾನು ಬರೆದದ್ದನ್ನೆಲ್ಲ ನನ್ನ ಹೆಂಡತಿ ಓದಿಸಿ ಕೇಳುತ್ತಾಳೆ. ಮೂರನೆಯ ಸಲ ಅತ್ತೆಯೇ ಪದ್ಧತಿ ಮುರಿದರು. "ಈ ಸಲ ನಮ್ಮೂರು ಬ್ಯಾಡ, ನಾನೇ ಅಲ್ಲಿಗೆ ಬರ್ತೀನಿ" ಎಂದು ಬಜೆ ಬೇರು, ಹರಳೆಣ್ಣೆ, ಹಳೆಯ ಸೀರೆಗಳ ಗಂಟು ಹೊತ್ತು ಬಂದಿಳಿದರು. ಮಾವನವರ ಮಾತು ನಿಜವಾಯಿತು. ದೀಪಾವಳಿ ಕಳೆದ ಹದಿನೈದು ದಿನಕ್ಕೆ ಹೆಣ್ಣು ಕೂಸು ಹುಟ್ಟಿತು.

ಕೂಸು ಉಳಿಯದ ಮನೆಯವರು ಹುಟ್ಟಿದ ಕೂಸನ್ನು ಮಾರಿಬಿಡಬೇಕು ಎಂಬ ಶಾಸ್ತ್ರ ನಮ್ಮ ಕಡೆ ಇತ್ತು. ಮಕ್ಕಳೆಲ್ಲ ಉಳಿದ ತಾಯಿಯೊಬ್ಬಳಿಗೆ ಮಾರಬೇಕು, ಬೆಲೆ ಒಂದು ಮೊರ ತೌಡು. ಎತ್ತಿಗೆ ಹಾಕುವ ತೌಡು! ಇಷ್ಟು ಅಗ್ಗದ ಜೀವದ ಮೇಲೆ ಸಾವು ಕಣ್ಣು ಹಾಕುವುದಿಲ್ಲ ಎಂಬುದು ಹಿರಿಯರ ಉಪಾಯ. ವ್ಯಾಪಾರಿಯಾಗಿ ನನಗೆ ಅದು ಹಿಡಿಸಿತು. ನಾನೂ ಒಳ್ಳೆಯ ಕಂಬಳಿಗಳನ್ನು ಹರಕು ಗೋಣಿಯಲ್ಲೇ ಸಾಗಿಸುತ್ತಿದ್ದೆ, ಕಳ್ಳರು ಮುಟ್ಟುತ್ತಿರಲಿಲ್ಲ. ಮಾರಿದ ಮೇಲೆ ಅದೇ ಹೊತ್ತಿನಲ್ಲಿ, ಅದೇ ತೌಡಿಗೆ, ಕೂಸನ್ನು ಹಿಂದಕ್ಕೆ ಕೊಂಡು ಒಳಗೆ ತರುವುದು. ಎಲ್ಲ ಸೇರಿ ಒಂದು ಗಳಿಗೆಯ ಕೆಲಸ.

ಕೊಳ್ಳುವವಳು ಯಾರು? ನಮ್ಮ ಹಿಂದಿನ ಓಣಿಯಲ್ಲಿ ಮಂಡಕ್ಕಿ ಭಟ್ಟಿ ಇಟ್ಟಿದ್ದ ಹೆಂಗಸು. ನಾವು ದೊಡ್ಡಮ್ಮ ಎನ್ನುತ್ತಿದ್ದೆವು. ಆಕೆಗೆ ಆರು ಮಕ್ಕಳು, ಆರೂ ಗುಂಡುಕಲ್ಲಿನ ಹಾಗೆ. ನಾಲ್ಕು ಊರಿನ ಸಂತೆಗಳಲ್ಲಿ ನಾನು ಕೊಸರು ಗಿಟ್ಟಿಸಲಾಗದ ಒಬ್ಬಳೇ ಒಬ್ಬಳೆಂದರೆ ಈ ದೊಡ್ಡಮ್ಮ. ಮಂಡಕ್ಕಿ ಅಳೆಸಿಕೊಂಡು ಚೀಲ ಹಿಡಿದು ನಿಂತರೆ, "ನನ್ನ ಸೇರಿನ ಮ್ಯಾಲೆ ಗೋಪುರ ಐತೆ. ಗೋಪುರದ ಮ್ಯಾಲೆ ಕಳಸ ಬ್ಯಾರೆ ಬೇಕಾ ನಿಂಗೆ?" ಎಂದು ಚೀಲದ ಬಾಯನ್ನು ತಾನೇ ಹಿಂಡಿ ಕೈಗೆ ಕೊಡುತ್ತಿದ್ದಳು.

ಹನ್ನೊಂದನೆಯ ದಿನ ಬೆಳಿಗ್ಗೆ ಹಿತ್ತಿಲ ಬಾಗಿಲಲ್ಲಿ ಶಾಸ್ತ್ರ. ಬಾಯಿ ಬಿಡಬಾರದು, ಬೆಲೆಯ ಮಾತು ಆಡಬಾರದು, ಕೊಟ್ಟದ್ದನ್ನು ತಲೆ ತಗ್ಗಿಸಿ ತೆಗೆದುಕೊಳ್ಳಬೇಕು ಎಂದು ಅತ್ತೆ ಮೂರು ಸಲ ಹೇಳಿದ್ದರು. ಹೆಂಡತಿ ಮೊರದಲ್ಲಿ ಮಲಗಿಸಿದ ಕೂಸನ್ನು ಹೊಸ್ತಿಲ ಮೇಲಿಂದ ಆಚೆ ದಾಟಿಸಿದಳು. ದೊಡ್ಡಮ್ಮ ಕೂಸನ್ನು ಎಡಗೈಗೆ ತೆಗೆದುಕೊಂಡು, ಬಲಗೈಯಿಂದ ತನ್ನ ಮೊರದ ತೌಡನ್ನು ನಾನು ಚಾಚಿ ಹಿಡಿದ ವಸ್ತ್ರಕ್ಕೆ ಸುರಿದಳು. ತೌಡು ಬಿತ್ತು. ವಸ್ತ್ರದ ಬಾಯಿ ತೆರೆದೇ ಇತ್ತು. ನನ್ನ ಬಾಯೂ ತೆರೆಯಿತು.

"ಕೊಸರು?"

ಪಕ್ಕದಲ್ಲಿ ನಿಂತಿದ್ದ ಸೂಲಗಿತ್ತಿ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯೋ ಶಿವನೇ, ಅಳಿಯಂದ್ರೇ!" ಎಂದು ಅತ್ತೆ ಗೋಡೆಗೆ ಒರಗಿದರು.

"ಏನಂದಿ ತಮ್ಮಾ?" ದೊಡ್ಡಮ್ಮ ಕೇಳಿದಳು. ಮುಖದಲ್ಲಿ ನಗು ಮೆಲ್ಲಗೆ ಹರಡುತ್ತಿತ್ತು.

"ಏನಿಲ್ಲ ದೊಡ್ಡಮ್ಮ, ಬಾಯಿ ತಪ್ಪಿ..."

"ತಪ್ಪಿದ್ದಲ್ಲ, ಬಾಯಿಗೆ ರೂಢಿ ಅದು. ಎಷ್ಟು ವರ್ಷದಿಂದ ಕೇಳ್ತಿದ್ದಿ, ಪಾಪ. ತಗಾ ಇವತ್ತು." ಮೊರ ಹೊಸ್ತಿಲ ಮೇಲಿಟ್ಟು, ಅದರ ಮೂಲೆಯಲ್ಲಿ ಉಳಿದಿದ್ದ ತೌಡನ್ನು ಹಿಡಿ ತುಂಬ ಬಾಚಿ ನನ್ನ ವಸ್ತ್ರಕ್ಕೆ ಹಾಕಿದಳು. "ಕೊಸರು ಬಿತ್ತು. ಇನ್ನ ಇದು ಶಾಸ್ತ್ರದ ಯಾಪಾರ ಅಲ್ಲಪ್ಪಾ, ಸಂತೆ ಯಾಪಾರ. ಕೂಸು ನಂದು."

"ದೊಡ್ಡಮ್ಮ, ಈಗ ವಾಪಸ್ ಕೊಳ್ಳಾದು..."

"ಕೊಸರು ತಗಂಡು ಮಾಲು ವಾಪಸ್ ಕೇಳೋರು ಯಾವ ಸಂತ್ಯಾಗೆ ಅದಾರೆ? ನೀನೇ ಹೇಳು, ನಾಕು ಊರು ತಿರುಗಿದೋನು."

ಕಾನೂನು ನನ್ನದೇ.

ಅವಳು ಕೂಸನ್ನು ನನ್ನ ಹೆಂಡತಿಯ ಮಡಿಲಿಗೆ ಹಾಕಿ, ಕೆನ್ನೆ ಸವರಿ, "ಹಾಲು ನಿಂದು, ಕೂಸು ನಂದು. ಇಲ್ಲೇ ಸಾಕಾಕೆ ಬಿಟ್ಟಿರ್ತೀನಿ ಕಣವ್ವ, ಕೂಲಿ ಕೊಡ್ತೀನಿ. ವರ್ಷ ತುಂಬಲಿ. ಆವಾಗ ಕೊಡೋದಾ ಬಿಡೋದಾ ನೋಡನ" ಎಂದು ಹೊರಟುಹೋದಳು. ಹೋಗುವ ಮುಂಚೆ ಕರಾರು ಹೇಳಿದಳು. ನಾನು ಆ ಕೂಸನ್ನು ನನ್ನ ಮಗಳು ಎನ್ನಬಾರದು. ಯಾರ ಮುಂದೆಯೂ ಹೊಗಳಬಾರದು. ಹೆಸರು ಇಡಬಾರದು, ತೌಡು ಎಂದೇ ಕರೆಯಬೇಕು.

ಅವಳು ಓಣಿ ತಿರುಗಿದ್ದೇ ಹೆಂಡತಿ ನನ್ನ ಕಡೆ ತಿರುಗಿದಳು. "ಆಟಕ್ಕೆ ಮಾರ್ರಿ ಅಂದ್ರೆ ನಿಜವಾಗ್ಲೂ ಮಾರಿಬಿಟ್ರಲ್ರೀ! ಎರಡು ಹೋದವು. ಇದನ್ನ ಕೈಯಾರೆ ಕೊಟ್ರಿ!"

ಆಮೇಲೆ ಮೂರು ದಿನ ಅವಳು ನನ್ನೊಂದಿಗೆ ನೇರವಾಗಿ ಮಾತಾಡಲಿಲ್ಲ. "ಅವ್ವಾ, ನೀರು ಕಾದೈತೆ ಅಂತ ಅವರಿಗೆ ಹೇಳು" ಅನ್ನುವಳು. ಅತ್ತೆ ಎರಡು ಮಾರು ದೂರದಲ್ಲಿ ಕೂತಿದ್ದ ನನಗೆ, "ನೀರು ಕಾದೈತಂತೆ" ಎಂದು ದಾಟಿಸುವರು. ಮನೆ ಪುಟ್ಟದಿದ್ದರೆ ಇಂಥ ಜಗಳ ಬಹಳ ದಿನ ನಿಲ್ಲುವುದಿಲ್ಲ. ಹೊಸದಾಗಿ ಮದುವೆಯಾದವರು ದೊಡ್ಡ ಮನೆ ಹುಡುಕಬೇಡಿ.

ಜಗಳ ಮುಗಿದರೂ ಅವಳ ಭಯ ಮುಗಿಯಲಿಲ್ಲ. ಏಳನೆಯ ತಿಂಗಳು ದಾಟಬೇಕು, ವರ್ಷ ತುಂಬಬೇಕು, ತುಂಬಿದ ಮೇಲೆ ಕೂಸು ನಮ್ಮದೆಂದು ಆಗಬೇಕು. ಮೊದಲಿನ ಎರಡು ದೇವರ ಕೈಲಿದ್ದವು, ಕೊನೆಯದು ಮಂಡಕ್ಕಿ ದೊಡ್ಡಮ್ಮನ ಕೈಲಿ. ದೇವರ ಹತ್ತಿರವಾದರೂ ಚೌಕಾಸಿಗೆ ಇಳಿಯಬಹುದು ಎಂದು ನನಗೆ ಒಳಗೊಳಗೆ ಅನಿಸುತ್ತಿತ್ತು.

ದೊಡ್ಡಮ್ಮ ಹೇಳಿದಂತೆ ನಡೆದಳು. ವಾರಕ್ಕೊಮ್ಮೆ ಒಂದು ಸೇರು ಮಂಡಕ್ಕಿ, ಸಾಕಿದ ಕೂಲಿ, ಹೊತ್ತು ತರುತ್ತಿದ್ದಳು. ಸೇರಿನ ಕಂಠಕ್ಕೆ ಸಮ, ಗೋಪುರ ಕೂಡ ಇಲ್ಲ. ಬಂದವಳು ಬಾಣಂತಿಯ ಕೋಣೆಗೆ ಹೋಗಿ ಕೂಸನ್ನು ಎತ್ತಿ ತೂಗುವಳು. "ನನ್ನ ಮಾಲು ಹೋದ ವಾರಕ್ಕಿಂತ ಹಗುರ ಆಗೈತೆ. ನೀನೇನು ತಿಂತೀಯವ್ವ? ಬರೀ ಸಾರು ಕುಡೀತೀಯ? ಬೆಳ್ಳುಳ್ಳಿ ಹುರುದು ತುಪ್ಪದಾಗೆ ಹಾಕಿಕೊಂಡು ತಿನ್ನು." ಮೊದಮೊದಲು ಮುಖ ತಿರುಗಿಸುತ್ತಿದ್ದ ನನ್ನ ಹೆಂಡತಿ ಎರಡು ತಿಂಗಳಿಗೆ ಅವಳ ದಾರಿ ಕಾಯತೊಡಗಿದಳು. ಸಾಂಬ್ರಾಣಿ ಹೊಗೆಯ ಆಚೆ ಮೂರು ಹೆಂಗಸರು ಸೇರಿ ನಗುವುದು ಕೇಳಿಸುತ್ತಿತ್ತು. ನಾನು ಒಳಗೆ ಬಂದರೆ ನಗು ನಿಲ್ಲುತ್ತಿತ್ತು. ಯಾರ ವಿಷಯ ನಗುತ್ತಿದ್ದರೆಂದು ಕೇಳುವಷ್ಟು ದಡ್ಡ ನಾನಲ್ಲ.

ನನಗೆ ಕಷ್ಟವಾದದ್ದು ಹೊಗಳಬಾರದು ಎಂಬ ಕರಾರು. ಮೂರು ಮೊಳದ ಕಂಬಳಿಯನ್ನು ಆಕಾಶಕ್ಕೇರಿಸಿ ಮಾರುವವನಿಗೆ ಇದು ಬಾಯಿಗೆ ಬೀಗ. ಕೂಸು ನಗತೊಡಗಿತ್ತು. ನಗುವಾಗ ಎಡಗೆನ್ನೆಯಲ್ಲಿ ಮಾತ್ರ ಒಂದು ಗುಳಿ ಬೀಳುತ್ತಿತ್ತು. ಬಸ್ಸಿನಲ್ಲಿ ಪಕ್ಕದವರು, "ಮನ್ಯಾಗೆ ಏನು ವಿಶೇಷ?" ಎಂದರೆ ಆ ಗುಳಿ ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. "ಏನಿಲ್ರಿ, ಒಂದು ತೌಡು ಐತೆ" ಅನ್ನುತ್ತಿದ್ದೆ. ಅವರು ನನಗೆ ಎಮ್ಮೆ ಇದೆ ಎಂದು ತಿಳಿದು ಹಾಲಿನ ಮಾತು ತೆಗೆಯುತ್ತಿದ್ದರು.

ಸಂಕ್ರಾಂತಿ ಆದ ಮೇಲೆ ತೊಟ್ಟಿಲು ಕೊಳ್ಳಲು ಹೊನ್ನಾಳಿಗೆ ಹೋದೆ. ತೊಟ್ಟಿಲು ಕೊಳ್ಳುವಾಗ ಬಣ್ಣ ನೋಡಬೇಡಿ, ಕಿವಿ ಕೊಡಿ. ಕೂಡು ಸಡಿಲವಿದ್ದರೆ ತೂಗಿದಾಗ ಕಿರ್ ಅನ್ನುತ್ತದೆ. ಖಾಲಿ ತೊಟ್ಟಿಲು ತೂಗಬಾರದು ಅನ್ನುತ್ತಾರಲ್ಲ, ಅದಕ್ಕೆ ಒಂದು ಕಂಬಳಿ ಸುತ್ತಿ ಒಳಗಿಟ್ಟು ತೂಗಿ. ಶಾಸ್ತ್ರವೂ ಉಳಿಯಿತು, ಪರೀಕ್ಷೆಯೂ ಆಯಿತು. ನಾನು ಹಾಗೇ ಮಾಡಿದೆ. ಬಡಗಿ ಕೈಕಟ್ಟಿ ನಿಂತು ನೋಡಿದ.

"ಮಗಳಿಗೇನ್ರಿ?" ಎಂದ.

"ಅಲ್ಲ. ಮಂಡಕ್ಕಿ ಭಟ್ಟಿಯೋರ ಕೂಸು. ನಮ್ಮನ್ಯಾಗೆ ಬೆಳೀತೈತೆ."

"ಪರರ ಕೂಸಿಗೆ ತೊಟ್ಟಿಲಾ! ನಿಮ್ಮಂಥ ಪುಣ್ಯಾತ್ಮರ ಹತ್ರ ನಾನೇನು ಬೆಲೆ ಹೇಳ್ಲಿ?" ಎಂದು ನಾನು ಬಾಯಿ ಬಿಡುವ ಮೊದಲೇ ಬೆಲೆ ಇಳಿಸಿದ. ಕೇಳದೆಯೇ ಒಂದು ಮರದ ಗಿಣಿಯನ್ನು ಕೊಸರೆಂದು ತೊಟ್ಟಿಲಿಗೆ ಕಟ್ಟಿದ.

ತೊಟ್ಟಿಲು ಬಸ್ಸಿನ ನೆತ್ತಿಗೇರಿತು. ಆದರೆ ಬಸ್ಸಿಗೆ ಇದ್ದಿಲು ಹತ್ತಲಿಲ್ಲ. ಕ್ಲೀನರು ಗಾಳಿ ಹಾಕುತ್ತಲೇ ಇದ್ದ. ನನ್ನ ಎದೆಯಲ್ಲಿ ಮಾತ್ರ ಬೇಗ ಹತ್ತಿಕೊಂಡಿತು. ಸುಳ್ಳಿನ ಕೊಸರು ಕೂಸಿನ ತೊಟ್ಟಿಲಿಗೆ ಬೇಡ ಅನಿಸಿ ಬಡಗಿಯ ಹತ್ತಿರ ಹಿಂತಿರುಗಿ ನಿಜ ಹೇಳಿದೆ.

"ಗೊತ್ತಿತ್ತು ಬಿಡ್ರಿ" ಎಂದ ಅವನು, ಉಳಿಯಿಂದ ತಲೆ ಎತ್ತದೆ. "ಪರರ ಕೂಸಿನ ತೊಟ್ಟಿಲ ಯಾರು ನಾಕು ಸಲ ತೂಗಿ ನೋಡ್ತಾರೆ? ಗಿಣಿ ಇರ್ಲಿ."

ಯುಗಾದಿಗೆ ಕೂಸು ಬೋರಲು ಬಿತ್ತು, ಬಸವ ಜಯಂತಿಯ ಹೊತ್ತಿಗೆ ಹೊಟ್ಟೆಯ ಮೇಲೆ ತೆವಳತೊಡಗಿತು. ಪ್ರತಿಯೊಂದು ಹೊಸ ಆಟವೂ ನಾನು ಜಗಳೂರಿನಲ್ಲಿದ್ದಾಗಲೇ ನಡೆಯಿತು. ಬಂದಾಗ ಅತ್ತೆ ಕಣ್ಣಿಗೆ ಕಟ್ಟುವಂತೆ ಹೇಳುವರು, ನೆಲದ ಮೇಲೆ ತಾವೇ ಬೋರಲು ಬಿದ್ದು ತೋರಿಸಿದ್ದೂ ಉಂಟು.

ಏಳನೆಯ ತಿಂಗಳು ಬಂತು. ಮಳೆಗಾಲದ ಬಾಗಿಲು, ನನ್ನ ಕಸುಬಿಗೆ ಸುಗ್ಗಿ. ನ್ಯಾಮತಿ ಸಂತೆಯಲ್ಲಿ ನಲವತ್ತು ಕಂಬಳಿ ಹರವಿಕೊಂಡು ಕೂತಿದ್ದೆ. ಚನ್ನಗಿರಿ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರು ಹುಡುಕಿಕೊಂಡು ಬಂದು, "ಮನ್ಯಾಗೆ ಕೂಸಿಗೆ ಜ್ವರ ಅಂತ ಹೇಳಿ ಕಳಿಸ್ಯಾರೆ" ಎಂದ. ನಾನು ಎದ್ದು ಪಕ್ಕದ ಕಂಬಳಿ ವ್ಯಾಪಾರಿಗೆ, "ಎಲ್ಲಾ ನೀವೇ ತಗಳ್ರಿ, ನೀವು ಹೇಳಿದ್ದೇ ಬೆಲೆ" ಎಂದೆ. ಹತ್ತು ವರ್ಷ ನನ್ನೊಂದಿಗೆ ಪೈಪೋಟಿ ನಡೆಸಿದ ಮನುಷ್ಯ. ಹೆದರಿಬಿಟ್ಟ. "ಯಾಕ್ರೀ, ನುಸಿ ಬಿದ್ದಾವೇನು?" ಎಂದು ಒಂದೊಂದನ್ನೂ ಕೊಡವಿ ನೋಡತೊಡಗಿದ. ವಿಷಯ ತಿಳಿದ ಮೇಲೆ, "ಹೋಗ್ರಿ ಹೋಗ್ರಿ, ಸಂಜೆತಂಕ ನಿಮ್ಮ ರೇಟಿಗೇ ನಾನು ಮಾರಿಕೊಡ್ತೀನಿ" ಎಂದು ನನ್ನನ್ನು ಬಸ್ಸಿಗೆ ದಬ್ಬಿದ. ಪೈಪೋಟಿಯವರನ್ನು ಪೂರ್ತಿ ಶತ್ರು ಮಾಡಿಕೊಳ್ಳಬೇಡಿ. ಇಂಥ ಒಂದು ದಿನ ಎಲ್ಲರಿಗೂ ಬರುತ್ತದೆ.

ಮನೆಗೆ ಬಂದಾಗ ನಡುಹಗಲು. ನಮ್ಮ ಹೊಸ್ತಿಲ ಮೇಲೆ ದೊಡ್ಡಮ್ಮ ಪೊರಕೆ ಅಡ್ಡ ಇಟ್ಟುಕೊಂಡು ಕೂತು, ಖಾಲಿ ಓಣಿಗೆ ಕೂಗಿ ಹೇಳುತ್ತಿದ್ದಳು: "ಈ ಮನ್ಯಾಗೆ ಕೂಸು ಗೀಸು ಇಲ್ಲ! ಇರೋದು ನನ್ನ ತೌಡು. ಯಾಪಾರ ಆಗೈತೆ, ಕೊಸರೂ ಬಿದ್ದೈತೆ. ಬೇಕಾದ್ರೆ ನನ್ನ ಕೇಳು!" ಯಾರಿಗೆ ಹೇಳುತ್ತಿದ್ದಳೆಂದು ನಾನು ಕೇಳಲಿಲ್ಲ. ಭಟ್ಟಿ ಆರಿಸಿ ಬಂದಿದ್ದಳು. ಉರಿಯುವ ಭಟ್ಟಿ ಬಿಟ್ಟು ಅವಳು ಎಂದೂ ಎದ್ದದ್ದಿಲ್ಲ.

ಒಳಗೆ ಹೆಂಡತಿ ತೊಟ್ಟಿಲ ಹಗ್ಗ ಹಿಡಿದು ಕೂತಿದ್ದಳು. "ಏಳನೇ ತಿಂಗಳು ಕಣ್ರೀ" ಎಂದಳು, ಅಷ್ಟೇ. ಆಸ್ಪತ್ರೆಯ ಡಾಕ್ಟರು ಬಾಟಲಿ ಔಷಧಿ ಕೊಟ್ಟಿದ್ದರು. ಮೂರು ದಿನ ನಾನು ಎಲ್ಲಿಗೂ ಹೋಗಲಿಲ್ಲ. ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಿಸುವ ಕೆಲಸ ನನ್ನದು, ಅದನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ದೊಡ್ಡಮ್ಮ ಮೂರು ದಿನವೂ ಹೊಸ್ತಿಲು ಕಾದಳು. ನಾಲ್ಕನೆಯ ಬೆಳಿಗ್ಗೆ ಕೂಸಿನ ಮೈ ತಣ್ಣಗಿತ್ತು. ಜೇನುತುಪ್ಪ ನೆಕ್ಕಿಸಲು ಬೆರಳಿಟ್ಟ ಅತ್ತೆ "ಅಬ್ಬಾ!" ಎಂದು ಕೈ ಕೊಡವಿದರು. ಕೆಳಗಿನ ಒಸಡಿನಲ್ಲಿ ಎರಡು ಹಲ್ಲು.

ಹೆಂಡತಿ ನಕ್ಕಳು, ನಗುತ್ತಲೇ ಅತ್ತಳು. ದೊಡ್ಡಮ್ಮ ಪೊರಕೆ ಎತ್ತಿಕೊಂಡು ಎದ್ದು, "ಹಲ್ಲು ಬಂದಾವಾ? ನನ್ನ ಮಾಲಿನ ಬೆಲೆ ಏರ್ತು ಬಿಡು. ಕೇಳಿಸ್ತಾ ತಮ್ಮಾ?" ಎಂದಳು.

ಕೇಳಿಸಿತು. ಆವತ್ತಿನಿಂದ ನನ್ನ ಚಿಂತೆ ಒಂದೇ. ಅವಳು ಏನು ಕೇಳಿಯಾಳು? ಕೊಡದಿದ್ದರೆ? ಸಂತೆಯಿಂದ ಸಂತೆಗೆ ಹೋಗುವಾಗ ಮನಸ್ಸಿನಲ್ಲೇ ಅವಳೊಂದಿಗೆ ಚೌಕಾಸಿ ಮಾಡುತ್ತಿದ್ದೆ, ಪ್ರತಿ ಸಲ ಸೋಲುತ್ತಿದ್ದೆ. ಜಗಳೂರಿನಲ್ಲಿ ಒಂದು ಕರಿ ಕಂಬಳಿ ಸಿಕ್ಕಿತು. ನೀರು ಹುಯ್ದು ಜೋಲಿಯಂತೆ ಹಿಡಿದರೆ ಎಣಿಸಿ ನೂರು ಆಗುವವರೆಗೆ ಒಂದು ಹನಿ ಇಳಿಯಲಿಲ್ಲ. ಕಂಬಳಿ ಕೊಳ್ಳುವವರು ಈ ಪರೀಕ್ಷೆ ಮರೆಯಬಾರದು. ಅದನ್ನು ಯಾರಿಗೂ ತೋರಿಸದೆ ಎತ್ತಿಟ್ಟೆ.

ಮತ್ತೆ ದೀಪಾವಳಿ ಬಂದು ಹೋಯಿತು. ವರ್ಷ ತುಂಬಿದ ದಿನ ಹೆಂಡತಿ ಕೂಸನ್ನು ಸೊಂಟಕ್ಕೇರಿಸಿಕೊಂಡಳು. ನಾನು ತೌಡಿನ ಚೀಲ ಹೊತ್ತೆ, ಕಂಬಳಿ ಹೆಗಲ ಮೇಲೆ. ಅತ್ತೆ ಹಿಂದೆ. ಭಟ್ಟಿಯ ಮುಂದೆ ದೊಡ್ಡಮ್ಮ ಖಾಲಿ ಮೊರ ಹಿಡಿದು ತಯಾರಾಗಿ ಕೂತಿದ್ದಳು. ಕೂಸನ್ನು ತನ್ನ ಪಕ್ಕ ಇಳಿಸಿಕೊಂಡಳು. ಅದು ನಾನು ಕೆಳಗಿಳಿಸಿದ ಚೀಲದ ಅಂಚು ಹಿಡಿದು ನಿಂತಿತು.

"ಹೇಳು, ಏನು ಕೊಡ್ತೀಯ?"

"ನೀವು ಹೇಳಿದ್ದು ದೊಡ್ಡಮ್ಮ. ಎರಡು ಮೊರ ಬೇಕಾ, ನಾಕು ಬೇಕಾ..."

"ಮುಚ್ಚು ಬಾಯಿ!" ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. "ಜಾಸ್ತಿ ಕೊಟ್ರೆ ಬೆಲೆ ಇರೋ ಮಾಲು ಅಂತ ಗೊತ್ತಾಗಲ್ವಾ? ಯಾಪಾರ ಮರೆತೀಯಾ? ಕೊಳ್ಳೋನು ಮಾಲು ಹಳೀಬೇಕು. ಹಳಿ."

ಹಳಿಯುವುದು ನನ್ನ ವಿದ್ಯೆ. ನೇಕಾರರ ಕಣ್ಣೆದುರೇ ಅವರ ಕಂಬಳಿಯಲ್ಲಿ ಹತ್ತು ಐಬು ತೆಗೆದವನು ನಾನು. ಗಂಟಲು ಸರಿಮಾಡಿಕೊಂಡೆ.

"ಮೂಗು ಮೊಂಡು."

"ಹೂಂ."

"ತಲ್ಯಾಗೆ ಕೂದಲಿಲ್ಲ."

"ಹೂಂ. ಇನ್ನ?"

"ಅತ್ತರೆ ಮೂರು ಮನೆಗೆ ಕೇಳ್ತೈತೆ."

"ಸಾಲಲ್ಲ. ಇನ್ನೊಂದು ಹೇಳು, ಕೊಟ್ಟುಬಿಡ್ತೀನಿ."

ಇನ್ನೊಂದು ಬರಲಿಲ್ಲ. ಕೂಸು ನನ್ನ ಮುಖ ನೋಡಿ ನಕ್ಕಿತು, ಎಡಗೆನ್ನೆಯಲ್ಲಿ ಗುಳಿ ಬಿತ್ತು. ಒಂದೇ ಒಂದು ಐಬು ಬೇಕಿತ್ತು. ದೊಡ್ಡಮ್ಮ ಮೊರ ಕೆಳಗಿಡುವವಳಂತೆ ಮಾಡಿದಳು.

ಹಿಂದಿನಿಂದ ಹೆಂಡತಿ ಮಾತಾಡಿದಳು. "ಅವರಪ್ಪನ ಬುದ್ಧಿ ಬಂದೈತೆ ದೊಡ್ಡಮ್ಮ. ಒಂದು ಕೈಗೆ ಬೆಲ್ಲ ಕೊಟ್ರೆ ಇನ್ನೊಂದು ಕೈ ಚಾಚ್ತಾಳೆ."

"ಹೌದಾ?" ದೊಡ್ಡಮ್ಮ ಎದೆ ಬಡಿದುಕೊಂಡಳು. "ಕೊಸರಿನ ರೋಗ ಐತಾ ಇದಕ್ಕೂ? ಬ್ಯಾಡಪ್ಪಾ ಬ್ಯಾಡ, ಈ ಮಾಲು ನನಗೆ ಬ್ಯಾಡ! ಹಾಕು ತೌಡು, ತಗಂಡು ಹೋಗು."

ಒಂದು ಮೊರ ತೌಡು ಸುರಿದೆ. ಅವಳು ಮೊರ ಹಿಂದಕ್ಕೆ ತೆಗೆಯಲಿಲ್ಲ. ಚಾಚಿಯೇ ಇದ್ದಳು. ನನ್ನ ಮುಖ ನೋಡಿ, ನನ್ನದೇ ದನಿಯಲ್ಲಿ, ಮೆಲ್ಲಗೆ ಅಂದಳು:

"ಕೊಸರು?"

ನಾನು ಚೀಲಕ್ಕೆ ಕೈ ಹಾಕುವ ಮೊದಲೇ ಇನ್ನೊಂದು ಕೈ ಒಳಗಿತ್ತು. ಕೂಸು ತೌಡನ್ನು ಹಿಡಿದೆತ್ತಿ ಎಸೆಯಿತು. ಅರ್ಧ ಮೊರಕ್ಕೆ ಬಿತ್ತು, ಅರ್ಧ ದೊಡ್ಡಮ್ಮನ ತಲೆಗೆ. ಅವಳು ಕಣ್ಣುಜ್ಜಿಕೊಳ್ಳುತ್ತ, "ಬಿತ್ತು, ಕೊಸರು ಬಿತ್ತು! ಯಾಪಾರ ಮುಗೀತು" ಎಂದು ಕೂಗಿದಳು. ಕಣ್ಣಿಗೆ ತೌಡು ಬಿದ್ದದ್ದಕ್ಕೇ ನೀರು ಬಂತೆಂದು ಆಮೇಲೆ ಹೇಳುತ್ತಿದ್ದಳು. ಅತ್ತೆಯೂ ಅಳುತ್ತಿದ್ದರು, ಅವರ ಕಣ್ಣಿಗೆ ಏನೂ ಬಿದ್ದಿರಲಿಲ್ಲ.

ನಾನು ಕರಿ ಕಂಬಳಿಯನ್ನು ದೊಡ್ಡಮ್ಮನ ಭುಜಕ್ಕೆ ಹೊದಿಸಿದೆ. "ಇದು ಯಾವ ಲೆಕ್ಕ?" ಎಂದಳು. "ಲೆಕ್ಕ ಇಲ್ಲ" ಎಂದೆ. ಅವಳು ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, ಒಳ್ಳೆಯದೆಂದು ತಿಳಿದು, ಹಳಿಯದೆ ಹೊದ್ದುಕೊಂಡಳು. ಕೂಸನ್ನು ಎತ್ತಿಕೊಂಡು ಓಣಿಯ ಉದ್ದಕ್ಕೂ ನಡೆದೆ. ಎದುರು ಬಂದವರೊಬ್ಬರು "ಯಾರ ಕೂಸ್ರೀ?" ಎಂದರು. ಅವರಿಗೆ ಗೊತ್ತಿತ್ತು, ಆದರೂ ಕೇಳಿದರು. "ನನ್ನ ಮಗಳು" ಎಂದೆ.

ಮರುವಾರ ಅವಳಿಗೆ ಚೆಂದದ ಹೆಸರಿಟ್ಟೆವು. ಓಣಿಯವರು ಅವಳ ಮದುವೆಯವರೆಗೂ ತೌಡು ಎಂದೇ ಕರೆದರು. ಅದೇ ವಾರ ನಾನು ಮಂಡಕ್ಕಿ ಕೊಳ್ಳಲು ಭಟ್ಟಿಗೆ ಹೋದೆ. ಇಷ್ಟೆಲ್ಲ ಆದ ಮೇಲೆ ಇವತ್ತಾದರೂ ಎಂದುಕೊಂಡು, ಅಳೆದು ಹಾಕಿದ ಮೇಲೂ ಚೀಲದ ಬಾಯಿ ತೆರೆದು ಹಿಡಿದೆ. ದೊಡ್ಡಮ್ಮ ಕರಿ ಕಂಬಳಿಯ ಮೇಲೆ ಕೂತಿದ್ದವಳು ಮುಂದಕ್ಕೆ ಬಾಗಿ ಚೀಲದ ಬಾಯನ್ನು ಹಿಂಡಿ, ಗಂಟು ಬಿಗಿದು, ನನ್ನ ಕೈಗೆ ಕೊಟ್ಟಳು.

"ಗೋಪುರ ಐತೆ" ಎಂದಳು. "ನಡಿ ಮನಿಗೆ."